ನನ್ನ ‘ಓಬವ್ವ’ ಮೂರನೇ ಸಲ ಸಿಡಿದು ಹೋದಳು: ತಪ್ಪು ಹಡಗಿನದ್ದೋ, ನನ್ನದೋ?

ದುರ್ಗದವ:

ಮೊದಲೇ ಹೇಳಿಬಿಡುತ್ತೇನೆ, ನಾನು ಕಡಲಿನ ಕಡೆಯವನಲ್ಲ. ಚಿತ್ರದುರ್ಗದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತಿರದಿಂದ ನೋಡಿದ ದೊಡ್ಡ ನೀರು ಅಂದರೆ ಮಾರಿಕಣಿವೆ ಡ್ಯಾಮು. ಆದರೂ ರಾತ್ರಿ ಹತ್ತೂವರೆ ಆದಮೇಲೆ ಬ್ರಿಟನ್ನಿನ ನೌಕಾಪಡೆ ನನ್ನ ಕೈಯಲ್ಲಿರುತ್ತದೆ.

ಆಟ ‘ರೂಲ್ ದ ವೇವ್ಸ್ 3’. ಆಡದವರಿಗೆ ಎರಡು ಮಾತು. ಇದರಲ್ಲಿ ಕಣ್ಣಿಗೆ ಹಬ್ಬ ಅನ್ನುವಂಥದ್ದು ಏನೂ ಇಲ್ಲ. ಸಮುದ್ರ ಅಂದರೆ ಒಂದು ಬಣ್ಣ, ಹಡಗು ಅಂದರೆ ಸಣ್ಣ ಗೀಟು, ಉಳಿದದ್ದೆಲ್ಲ ಅಂಕಿ ತುಂಬಿದ ಪಟ್ಟಿ. ನನ್ನ ಮಗಳು ಹಿಂದಿನಿಂದ ಬಗ್ಗಿ ನೋಡಿ, “ಅಪ್ಪಾ, ಜಿಎಸ್‌ಟಿ ಫೈಲ್ ಮಾಡ್ತಿದ್ದೀಯಾ?” ಅಂದಳು. ಒಂದು ಸರದಿಗೆ ಒಂದು ತಿಂಗಳು ಕಳೆಯುತ್ತದೆ. ಸರ್ಕಾರ ದುಡ್ಡು ಕೊಡುತ್ತದೆ. ಹಡಗನ್ನು ನಾವೇ ಡಿಸೈನ್ ಮಾಡಬೇಕು, ಎರಡು ಮೂರು ವರ್ಷ ಕಾದು ಕಟ್ಟಿಸಬೇಕು, ಯುದ್ಧ ಬಂದರೆ ಅದನ್ನೇ ತೆಗೆದುಕೊಂಡು ಹೋಗಿ ಹೊಡೆದಾಡಬೇಕು. ಹಡಗು ಚೆನ್ನಾಗಿಲ್ಲ ಅಂತ ಯಾರನ್ನೂ ಬೈಯುವ ಹಾಗಿಲ್ಲ, ಅದಕ್ಕೇ ನನಗೆ ಈ ಆಟ ಇಷ್ಟ.

ಈಗ ಗೋಳು. 1909ರಲ್ಲಿ ಮೂರು ಬ್ಯಾಟಲ್‌ಕ್ರೂಸರ್ ಕಟ್ಟಿಸಿದೆ, ಅಂದರೆ ದೊಡ್ಡ ತೋಪು, ಜಾಸ್ತಿ ವೇಗ, ಆದರೆ ತೆಳು ಕವಚದ ಯುದ್ಧದ ಹಡಗು. ತೂಕ 19,000 ಟನ್. 12 ಇಂಚಿನ 8 ತೋಪು. ವೇಗ 27 ನಾಟ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ಪಕ್ಕದ ಕವಚ 7 ಇಂಚು, ಟರೆಟ್ಟಿಗೂ (ತೋಪು ಕೂರಿಸಿ ತಿರುಗಿಸುವ ಗೂಡು) 7, ಡೆಕ್ಕಿಗೆ ಒಂದೂವರೆ. ಆಟ ಇಂಗ್ಲಿಷ್ ಹೆಸರು ಕೊಟ್ಟಿತ್ತು. ನಾನು ಅಳಿಸಿ ಅಬ್ಬಕ್ಕ, ಚೆನ್ನಮ್ಮ, ಓಬವ್ವ ಅಂತ ಇಟ್ಟೆ. ಬ್ರಿಟಿಷ್ ಹಡಗಿಗೆ ಚೆನ್ನಮ್ಮನ ಹೆಸರಾ ಅಂತ ಕೇಳಬೇಡಿ, ನನಗೂ ಆಮೇಲೆ ನಾಚಿಕೆ ಆಯಿತು.

1914ರಲ್ಲಿ ಜರ್ಮನಿ ಜೊತೆ ಯುದ್ಧ. 12,000 ಗಜ ದೂರದಲ್ಲಿ ಎದುರುಬದುರು ಗುಂಡು ಹಾರಿಸುತ್ತಿದ್ದೆವು. ನನ್ನ ಗುಂಡುಗಳೇ ಜಾಸ್ತಿ ತಗಲುತ್ತಿದ್ದವು. ಇದ್ದಕ್ಕಿದ್ದಂತೆ ಓಬವ್ವನ ಟರೆಟ್ಟಿಗೆ ಒಂದು ಏಟು, ‘ಫ್ಲ್ಯಾಶ್ ಫೈರ್’ (ಬೆಂಕಿ ತಟ್ಟನೆ ಸಿಡಿಮದ್ದಿಗೆ ಹಾರುವುದು) ಅಂತ ಒಂದು ಸಾಲು, ಮುಂದಿನ ನಿಮಿಷಕ್ಕೆ ಹಡಗೇ ಇಲ್ಲ. ಮೊದಲಿಂದ ಆಡಿದೆ, ಚೆನ್ನಮ್ಮ ಉಳಿದಳು, ಓಬವ್ವ ಹೋದಳು. ಮತ್ತೆ ಆಡಿದೆ, ಓಬವ್ವ ಮತ್ತೆ ಹೋದಳು. ಇದು ಬರೀ ಅದೃಷ್ಟದ ಆಟವಾ? ಅಥವಾ ಬ್ರಿಟನ್ ಆಡುವವರಿಗೆ ಬೇಕಂತಲೇ ಹೀಗೆ ಮಾಡಿಟ್ಟಿದ್ದಾರಾ?

ಬ್ರಾಡ್‌ಸೈಡ್ ಬಾಯ್:

ಗುರು, ಸಿಂಪಲ್. ಹಡಗಿನ ಪಕ್ಕ ತೋರಿಸಬೇಡ. ಮೂತಿ ಶತ್ರುವಿನ ಕಡೆ ಓರೆಯಾಗಿಟ್ಟು ನುಗ್ಗು, ಗುಂಡು ಜಾರಿಕೊಂಡು ಹೋಗುತ್ತದೆ. ನಾನು ‘ವರ್ಲ್ಡ್ ಆಫ್ ವಾರ್‌ಶಿಪ್ಸ್’ನಲ್ಲಿ ಇದೇ ರೀತಿ ಆಡುವುದು.

ದುರ್ಗದವ:

ತಮ್ಮಾ, ಅಲ್ಲಿ ರಿಪೇರಿ ಬಟನ್ ಒತ್ತಿದರೆ ಹಡಗಿಗೆ ಜೀವ ವಾಪಸ್ ಬರುತ್ತದೆ. ನಾನೂ ಆಡಿದ್ದೇನೆ. ಇಲ್ಲಿ ಮೂತಿ ತಿರುಗಿಸಿದರೆ ಹಿಂದಿನ ತೋಪುಗಳು ಸುಮ್ನೆ ಕೂರುತ್ತವೆ, ಅಷ್ಟೇ ಲಾಭ.

ಇಂಚುಲೆಕ್ಕ:

ಬೇಕಂತಲೇ ಏನೂ ಮಾಡಿಲ್ಲ ಸರ್. ನೀವು ಕಟ್ಟಿಸಿದ್ದು ಹೆಚ್ಚುಕಡಿಮೆ ನಿಜವಾದ ಇನ್‌ವಿನ್ಸಿಬಲ್ ಹಡಗನ್ನೇ. ಅದು 1907ರಲ್ಲಿ ನೀರಿಗಿಳಿದದ್ದು, 12 ಇಂಚಿನ 8 ತೋಪು, ಪಕ್ಕಕ್ಕೆ 6 ಇಂಚು ಕವಚ. ಅದಕ್ಕೆ ಏನಾಯಿತು ಅಂತ ಗೊತ್ತಲ್ವಾ?

ಆಟದಲ್ಲಿ ನಿಮ್ಮ ತೋಪಿನ ವಿವರ ತೆರೆದು ನೋಡಿ. ಎಷ್ಟು ಗಜದಲ್ಲಿ ಎಷ್ಟು ಇಂಚು ಉಕ್ಕು ತೂರುತ್ತದೆ ಅಂತ ಒಂದು ಪಟ್ಟಿ ಇರುತ್ತದೆ. ಅದರ ಪಕ್ಕದಲ್ಲಿ ನಿಮ್ಮದೇ ಕವಚ ಇಟ್ಟು ನೋಡಿ. ನಿಮ್ಮ 12 ಇಂಚಿನ ತೋಪು ನಿಮ್ಮದೇ ಹಡಗನ್ನು 12,000 ಗಜದಲ್ಲಿ ತೂರುತ್ತದೆ ಅಂದಮೇಲೆ ಜರ್ಮನಿಯ ತೋಪು ಬಿಡುತ್ತದಾ? ಕಾಗದದ ಮೇಲೆ ಇಷ್ಟು ನೋಡಿಕೊಳ್ಳದೆ ಹಡಗು ಕಟ್ಟಿಸಲೇಬಾರದು.

ನನ್ನ ಸಲಹೆ. ಮೊದಲು ಟರೆಟ್ಟಿನ ಕವಚ ದಪ್ಪ ಮಾಡಿ, 9 ಅಥವಾ 10 ಇಂಚು. ಪಕ್ಕದ ಕವಚ ತೂತಾದರೆ ನೀರು ನುಗ್ಗುತ್ತದೆ, ಎಂಜಿನ್ ಕೆಡುತ್ತದೆ, ಬದುಕಿಕೊಳ್ಳಬಹುದು. ಟರೆಟ್ ತೂತಾದರೆ ಕೆಳಗಿರುವುದು ಸಿಡಿಮದ್ದು. ಆ ತೂಕಕ್ಕೆ ಜಾಗ ಎಲ್ಲಿಂದ ಅಂದರೆ, 27 ನಾಟ್ ಬಿಟ್ಟು 25ಕ್ಕೆ ಇಳಿಯಿರಿ. ಕೊನೆಯ ಎರಡು ನಾಟ್ ತಿನ್ನುವಷ್ಟು ತೂಕವನ್ನು ಬೇರೆ ಯಾವುದೂ ತಿನ್ನುವುದಿಲ್ಲ.

ಇನ್ನೊಂದು. ಬ್ಯಾಟಲ್‌ಕ್ರೂಸರನ್ನು ದೊಡ್ಡ ಯುದ್ಧದ ಹಡಗುಗಳ ಸಾಲಿನಲ್ಲಿ ನಿಲ್ಲಿಸಿ ಹೊಡೆದಾಡಿಸಬೇಡಿ. ಮುಂದೆ ಹೋಗಿ ಶತ್ರುವನ್ನು ಹುಡುಕುವ ಸ್ಕೌಟ್ ಕೆಲಸಕ್ಕೆ ಹಾಕಿ. ಸಣ್ಣ ಕ್ರೂಸರ್ ಸಿಕ್ಕರೆ ಮುಗಿಸಿ, ದೊಡ್ಡದು ಕಂಡರೆ ಓಡಿ. ಮಾನ ಹೋಗುವುದಿಲ್ಲ.

ದುರ್ಗದವ:

ವೇಗದ ಮಾತು ನನಗೆ ತಟ್ಟನೆ ಹೊಳೆಯಿತು. ಪಂಪಿನ ಲೆಕ್ಕವೂ ಇದೇ! ಪಂಪ್ ಸುತ್ತುವ ವೇಗ ಎಷ್ಟು ಪಟ್ಟು ಏರಿತೋ, ಆ ಅಂಕಿಯನ್ನು ಮೂರು ಸಲ ಬರೆದು ಗುಣಿಸಿದಷ್ಟು ಪಟ್ಟು ಮೋಟರ್ ಎಳೆಯುವ ಪವರ್ ಏರುತ್ತದೆ. 27 ಭಾಗಿಸು 25 ಅಂದರೆ 1.08, ಅದನ್ನು ಹಾಗೆ ಗುಣಿಸಿದರೆ (1.08 × 1.08 × 1.08) ಸುಮಾರು 1.26. ಎರಡು ನಾಟಿಗೆ ಕಾಲು ಭಾಗ ಜಾಸ್ತಿ ಎಂಜಿನ್! ರೈತರು ಬಂದು “ಅಣ್ಣಾ, ಇನ್ನೊಂಚೂರು ಸ್ಪೀಡ್ ಮಾಡಿಕೊಡು” ಅಂದಾಗ ಕಾಯಿಲ್ ಸುಡುತ್ತದೆ ಅಂತ ದಿನಾ ಹೇಳುವವನು ನಾನೇ. ಹಡಗಿನ ವಿಷಯದಲ್ಲಿ ನಾನೇ ಆ ರೈತ ಆಗಿಬಿಟ್ಟೆ.

ತದಡಿ ಫಿಟ್ಟರ್:

ನಾನು ಆಟ ಆಡುವವನಲ್ಲ. ಮೊಮ್ಮಗ ತೋರಿಸಿದ ಅಂತ ಓದಿದೆ. 22 ವರ್ಷ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವನು. ಯುದ್ಧದ ಹಡಗಿನಲ್ಲಿ ಕೆಲಸ ಮಾಡಿಲ್ಲ. ಆದರೆ ಇಂಚಿನ ಲೆಕ್ಕ ಪೂರ್ತಿ ಒಪ್ಪಲಾರೆ ಮಾರಾಯ್ರೇ.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವೆ ನಡೆದ ಜಟ್‌ಲ್ಯಾಂಡ್ ಕದನ, 1916ರ ಮೇ 31. ಒಂದೇ ಮಧ್ಯಾಹ್ನದಿಂದ ಸಂಜೆಯ ಒಳಗೆ ಬ್ರಿಟನ್ನಿನ ಮೂರು ಬ್ಯಾಟಲ್‌ಕ್ರೂಸರ್ ಸಿಡಿದವು. ಇನ್‌ಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್. ಸತ್ತವರು 3,300ರ ಹತ್ತಿರ. ಇನ್‌ವಿನ್ಸಿಬಲ್‌ನಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದರು, ಬದುಕಿದ್ದು ಆರೇ ಜನ. ಕವಚ ತೆಳು ಅಂತ ಎಲ್ಲರೂ ಹೇಳುತ್ತಾರೆ. ತೆಳು ಹೌದು. ಆದರೆ ಕ್ವೀನ್ ಮೇರಿಗೆ 9 ಇಂಚು ಇತ್ತು, ಅದೂ ಹೋಯಿತಲ್ಲ?

ಅಲ್ಲಿ ಕೊಂದದ್ದು ಬಾಗಿಲು. ಟರೆಟ್ ಮೇಲಿರುತ್ತದೆ, ಮದ್ದಿನ ಮನೆ ಕೆಳಗೆ ಹಡಗಿನ ಹೊಟ್ಟೆಯಲ್ಲಿ. ನಡುವೆ ಬಾಗಿಲುಗಳು. ಒಂದು ಏಟಿಗೆ ಬೇಕಾದಷ್ಟೇ ಮದ್ದು ಹೊರಗೆ ಬರಬೇಕು, ಬಾಗಿಲು ಮುಚ್ಚಬೇಕು. ಆದರೆ ಬೇಗ ಬೇಗ ಗುಂಡು ಹಾರಿಸಬೇಕು ಅನ್ನುವ ಹುಚ್ಚಿಗೆ ಬಾಗಿಲು ತೆರೆದೇ ಇಟ್ಟರು. ಕಾರ್ಡೈಟ್ ಮದ್ದನ್ನು ರೇಷ್ಮೆ ಚೀಲದಲ್ಲಿ ತುಂಬಿರುತ್ತಿದ್ದರು, ಆ ಚೀಲಗಳನ್ನು ಹೊರಗೇ ಪೇರಿಸಿದರು. ಟರೆಟ್ಟಿಗೆ ಬಿದ್ದ ಬೆಂಕಿ ಚೀಲದಿಂದ ಚೀಲಕ್ಕೆ ಹಾರಿ ನೇರ ಕೆಳಗಿಳಿಯಿತು.

ಜರ್ಮನರು ಇದನ್ನು ಮೊದಲೇ ಅನುಭವಿಸಿದ್ದರು. 1915ರ ಜನವರಿಯಲ್ಲಿ ಡಾಗರ್ ಬ್ಯಾಂಕ್ ಕದನದಲ್ಲಿ ಅವರ ಸೈಡ್ಲಿಟ್ಸ್ ಹಡಗಿನ ಹಿಂದಿನ ಟರೆಟ್ಟಿಗೆ ಏಟು ಬಿತ್ತು. ಬೆಂಕಿಯಿಂದ ತಪ್ಪಿಸಿಕೊಳ್ಳಲು ಒಳಗಿದ್ದವರು ಪಕ್ಕದ ಟರೆಟ್ಟಿನ ಕಡೆಯ ಬಾಗಿಲು ತೆಗೆದರು. ಎರಡೂ ಸುಟ್ಟವು, 160ರ ಹತ್ತಿರ ಜನ ಸತ್ತರು. ಮದ್ದಿನ ಮನೆಗೆ ನೀರು ಬಿಟ್ಟಿದ್ದರಿಂದ ಹಡಗು ಉಳಿಯಿತು. ಆಮೇಲೆ ಅವರು ಬಿಗಿ ಮಾಡಿದರು. ಅವರ ಮುಖ್ಯ ಮದ್ದು ಹಿತ್ತಾಳೆಯ ಡಬ್ಬಿಯಲ್ಲೂ ಇರುತ್ತಿತ್ತು, ಅದೂ ಕಾಪಾಡಿತು. ಅದೇ ಸೈಡ್ಲಿಟ್ಸ್ ಜಟ್‌ಲ್ಯಾಂಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಏಟು ತಿಂದು, 5,000 ಟನ್ನಿಗೂ ಜಾಸ್ತಿ ನೀರು ಕುಡಿದು, ಮೂತಿ ಮುಳುಗಿಸಿಕೊಂಡು ಮನೆ ಸೇರಿತು.

ಬ್ರಿಟನ್ನಿನ ಲಯನ್ ಹಡಗಿನ ಕಥೆ ಇನ್ನೂ ಹತ್ತಿರದ್ದು. ಜಟ್‌ಲ್ಯಾಂಡಿನಲ್ಲೇ ಅದರ ನಡುವಿನ ಟರೆಟ್ಟಿಗೂ ಗುಂಡು ಬಿತ್ತು. ಒಳಗಿದ್ದ ಮೇಜರ್ ಫ್ರಾನ್ಸಿಸ್ ಹಾರ್ವೆ ಸಾಯುವ ಸ್ಥಿತಿಯಲ್ಲೂ ಮದ್ದಿನ ಮನೆಯ ಬಾಗಿಲು ಮುಚ್ಚಿ ನೀರು ಬಿಡಿ ಅಂತ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ಬೆಂಕಿ ಭಗ್ಗೆಂದಾಗ ಕೆಳಗೆ ಬರೀ ನೀರು. ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಅಲೆಕ್ಸಾಂಡರ್ ಗ್ರಾಂಟ್ ಅಂತ ಆ ಹಡಗಿನ ಚೀಫ್ ಗನ್ನರ್ ಒಬ್ಬ ಇದ್ದ. ಬಂದ ದಿನದಿಂದ ಬಾಗಿಲಿನ ವಿಷಯದಲ್ಲಿ ಎಲ್ಲರ ತಲೆ ತಿಂದಿದ್ದ. ಅವನಿಗೆ ಯಾವ ಹಡಗಿನಲ್ಲೂ ಸ್ನೇಹಿತರು ಜಾಸ್ತಿ ಇದ್ದಿರಲಿಕ್ಕಿಲ್ಲ ಅಂತ ನನ್ನ ಊಹೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಾನು ಕಂಡಿದ್ದೇನೆ. ಎಂಜಿನ್ ರೂಮಿನ ಬೆಂಕಿ ತಡೆಯುವ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಆದರೆ ಒಳಗೆ 45 ಡಿಗ್ರಿ ಸೆಕೆ, ಕೈಯಲ್ಲಿ ಸಾಮಾನು, ದಿನಕ್ಕೆ ನೂರು ಸಲ ಓಡಾಟ. ಯಾರೋ ಒಬ್ಬ ತಂತಿ ಸುತ್ತಿ ಕಟ್ಟಿಬಿಡುತ್ತಾನೆ. ಒಂದು ರಾತ್ರಿ ಎಣ್ಣೆ ಶುದ್ಧ ಮಾಡುವ ಪ್ಯೂರಿಫೈಯರ್ ರೂಮಿನಲ್ಲಿ ಪೈಪ್ ಸೋರಿ ಬೆಂಕಿ ಹತ್ತಿತು. ಬೆಂಕಿ ಸಣ್ಣದು, ಹತ್ತು ನಿಮಿಷದಲ್ಲಿ ಆರಿಸಿದೆವು. ಆದರೆ ಹೊಗೆ ಆ ಬಾಗಿಲಿನಿಂದ ಮೇಲೆ ಜನ ಮಲಗುವ ಕೋಣೆಗಳಿಗೆ ಹೋಗಿತ್ತು. ಅಡಿಗೆಯವನೊಬ್ಬ ಪ್ಯಾಸೇಜಿನಲ್ಲಿ ದಾರಿ ಸಿಗದೆ ತಡಕಾಡುತ್ತಿದ್ದ, ಎಳೆದು ತಂದೆವು. ಮರುದಿನ ಚೀಫ್ ಎಂಜಿನಿಯರ್ ತಂತಿ ಕಟ್ಟಿದ್ದು ಯಾರು ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕಟ್ಟಿದವನು ನಾನೇ.

ದುರ್ಗದವರೇ, ನೀವು ಹಡಗಿಗೆ ಇಟ್ಟ ಹೆಸರು ಬಹಳ ಸರಿಯಾಗಿದೆ. ಹೈದರನ ಸೈನಿಕರು ಕೋಟೆ ಗೋಡೆ ಒಡೆದು ಒಳಗೆ ಬರಲಿಲ್ಲವಲ್ಲ? ಗೋಡೆ ಎಷ್ಟು ದಪ್ಪ ಇದ್ದರೇನು, ಬಂದದ್ದು ಕಿಂಡಿಯಲ್ಲಿ.

ಇಂಚುಲೆಕ್ಕ:

ಫಿಟ್ಟರಣ್ಣ, ತಲೆಬಾಗಿದೆ. ಒಂದೇ ತಕರಾರು. ಆಟದಲ್ಲಿ ಬಾಗಿಲು ಮುಚ್ಚುವ ಬಟನ್ ಇಲ್ಲ. ನಮ್ಮ ಕೈಯಲ್ಲಿರುವುದು ಇಂಚು ಮತ್ತು ದೂರ ಮಾತ್ರ. ಹಾಗಾಗಿ ನನ್ನ ಸಲಹೆ ಬದಲಿಲ್ಲ. ಆದರೆ ನಿಜವಾದ ಜಟ್‌ಲ್ಯಾಂಡ್ ಬಗ್ಗೆ ಇನ್ನು ಮೇಲೆ ಬರೀ ಕವಚದ ಮಾತು ಆಡುವುದಿಲ್ಲ.

ಬ್ರಾಡ್‌ಸೈಡ್ ಬಾಯ್:

ನಮ್ಮ ಅಪಾರ್ಟ್‌ಮೆಂಟಿನ ಫೈರ್ ಡೋರಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದಾರೆ. ಈಗಷ್ಟೇ ಹೋಗಿ ತೆಗೆದು ಬಂದೆ. ನಾಳೆ ಮತ್ತೆ ಇಡುತ್ತಾರೆ, ಗೊತ್ತು.

ದುರ್ಗದವ:

ಹನ್ನೊಂದು ದಿನ ಆದಮೇಲೆ ಬರೆಯುತ್ತಿದ್ದೇನೆ. ಮದುವೆ ಸೀಸನ್ನು, ಅದರ ಮೇಲೆ ಬೋರ್‌ವೆಲ್ ಮೋಟರುಗಳು ಸಾಲಾಗಿ ಸುಟ್ಟು ಬಂದವು. ಕೂರಲು ಆಗಲೇ ಇಲ್ಲ.

ಫಿಟ್ಟರಣ್ಣ, ನಿಮ್ಮ ಮಾತು ಓದಿ ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಕೋಟೆಗೆ ಹೋದೆ. ಕಿಂಡಿ ಎಷ್ಟೋ ಸಲ ನೋಡಿದ್ದೆ. ಈ ಸಲ ಮದ್ದು ಬೀಸುವ ಕಲ್ಲುಗಳ ಹತ್ತಿರ ಜಾಸ್ತಿ ಹೊತ್ತು ನಿಂತೆ. ನಾಲ್ಕು ದೊಡ್ಡ ಬೀಸುಕಲ್ಲು, ತಗ್ಗಿನಲ್ಲಿ ಇವೆ. ಒಂದು ಕಿಡಿ ಬಿದ್ದಿದ್ದರೆ ಅಂತ ಯೋಚನೆ ಬಂತು. ಮಗಳು ಐಸ್‌ಕ್ರೀಮಿನ ಯೋಚನೆಯಲ್ಲಿದ್ದಳು.

ಆಟದ ಸುದ್ದಿ. ಹೊಸ ಡಿಸೈನ್ ಮಾಡಿದೆ. ಟರೆಟ್ 10 ಇಂಚು, ಪಕ್ಕ 9, ವೇಗ 25. ತೋಪು ಎಂಟೇ. ಹೆಸರು ಮತ್ತೆ ಓಬವ್ವ, ಬಿಡಲು ಮನಸ್ಸಾಗಲಿಲ್ಲ. 1915ರಲ್ಲಿ ಕದನ ಬಂತು. 15,000 ಗಜದ ಒಳಗೆ ಹೋಗಲೇ ಇಲ್ಲ. ಓಬವ್ವನಿಗೆ ಒಂಬತ್ತು ಏಟು ಬಿತ್ತು, ಅದರಲ್ಲಿ ಎರಡು ಟರೆಟ್ಟಿಗೆ. ಒಂದು ಟರೆಟ್ ಕೆಟ್ಟು ನಿಂತಿತು. ಆ ಸಾಲು ಬರುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಸಿಡಿಯಲಿಲ್ಲ. ವಾಪಸ್ ಬಂದಳು, ರಿಪೇರಿಗೆ ತಿಂಗಳುಗಟ್ಟಲೆ ಬೇಕಂತೆ.

ಅದೇ ರಾತ್ರಿ ಕತ್ತಲಲ್ಲಿ ಡೆಸ್ಟ್ರಾಯರ್ (ಸಣ್ಣ, ವೇಗದ ಯುದ್ಧದ ಹಡಗು) ಒಂದು ಬಂದು ಟಾರ್ಪೆಡೊ ಬಿಟ್ಟು ಅಬ್ಬಕ್ಕನನ್ನು ಮುಳುಗಿಸಿತು. ಅದರ ಬಗ್ಗೆ ಬೇರೆ ಪ್ರಶ್ನೆ ಹಾಕುತ್ತೇನೆ, ಇವತ್ತು ಬೇಡ.

ಮಗಳು ಈಗ ನಿಜವಾದ ಯುದ್ಧದ ಹಡಗು ನೋಡಬೇಕು ಅನ್ನುತ್ತಾಳೆ. ನಮ್ಮ ಕಡೆಯಿಂದ ಎಲ್ಲಿಗೆ ಹೋಗುವುದು?

ತದಡಿ ಫಿಟ್ಟರ್:

ಕಾರವಾರಕ್ಕೆ ಬನ್ನಿ. ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಇದೆ. 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತಿ ಆದ ಕ್ಷಿಪಣಿ ದೋಣಿ. ದಡಕ್ಕೆ ಎತ್ತಿಟ್ಟು ಮ್ಯೂಸಿಯಂ ಮಾಡಿದ್ದಾರೆ.

ನಿಮ್ಮ ಓಬವ್ವನನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ನಗು ಬರುತ್ತದೆ. ಉದ್ದ 40 ಮೀಟರಿಗೂ ಕಡಿಮೆ. 10 ಇಂಚು ಬಿಡಿ, ಕವಚ ಅನ್ನುವಂಥದ್ದೇ ಇಲ್ಲ. ಆದರೆ ಬೆನ್ನ ಮೇಲೆ ನಾಲ್ಕು ಕ್ಷಿಪಣಿ. ಇದರ ಅಕ್ಕಂದಿರಂಥ ಮೂರು ದೋಣಿ, ನಿರ್ಘಾತ್, ನಿಪಾತ್, ವೀರ್, 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು. ಅಷ್ಟು ದೂರ ಹೋಗಲು ಮಾಡಿದ ದೋಣಿಗಳೇ ಅಲ್ಲ ಅವು, ದಾರಿಯಲ್ಲಿ ದೊಡ್ಡ ಹಡಗಿಗೆ ಕಟ್ಟಿ ಎಳೆಸಿಕೊಂಡು ಹೋದರು. ಪಾಕಿಸ್ತಾನದ ಖೈಬರ್ ಅನ್ನುವ ಡೆಸ್ಟ್ರಾಯರ್ ಆ ರಾತ್ರಿ ಮುಳುಗಿತು. ನಿಮ್ಮ ಆಟದಲ್ಲಿ 1970ರವರೆಗೆ ವರ್ಷಗಳಿವೆ ಅಂತ ಮೊಮ್ಮಗ ಹೇಳಿದ. ಹಾಗಿದ್ದರೆ ನೀವೂ ಒಂದು ದಿನ ಇಂಥದ್ದನ್ನು ಕಟ್ಟಿಸುತ್ತೀರಿ, ಇಂಚಿನ ಲೆಕ್ಕ ಎಲ್ಲ ಮೂಲೆಗೆ ಬೀಳುತ್ತದೆ.

ಸಂಜೆ ಹೊತ್ತು ಬನ್ನಿ, ಮಧ್ಯಾಹ್ನ ಉಕ್ಕು ಕಾದಿರುತ್ತದೆ. ಒಳಗೆ ಬಾಗಿಲುಗಳು ತಗ್ಗು, ಹೊಸ್ತಿಲು ಎತ್ತರ. ಮಗಳಿಗೆ ತಲೆ ಬಗ್ಗಿಸಿ ಕಾಲೆತ್ತಿ ದಾಟಲು ಹೇಳಿ. ನೀವು ಮಾತ್ರ ಖಂಡಿತ ಹಣೆ ಬಡಿಸಿಕೊಳ್ಳುತ್ತೀರಿ, ಮೊದಲ ಸಲ ಬಂದವರೆಲ್ಲ ಬಡಿಸಿಕೊಳ್ಳುತ್ತಾರೆ.