ಎಪಿಐಯಿಂದ ಸರ್ಟಿಫಿಕೇಟ್ ಮೆಟಾಡೇಟಾ ಬದಲಿಸಿದೆ, 200 ಬಂತು, ಆದರೆ ಉಳಿದ ಫೀಲ್ಡೆಲ್ಲ ಖಾಲಿ!

ಪಿಬಿ_ರೋಡ್_ಹುಡುಗ

ನಮಸ್ಕಾರ. ದಾವಣಗೆರೆಯಲ್ಲಿ ಒಂದು ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. 212 ಟಿಎಲ್‌ಎಸ್ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ತೋರಿಸುವ ಡಿಜಿಟಲ್ ಪತ್ರ) ಒಂದೇ ಪೋರ್ಟಲ್‌ನಲ್ಲಿವೆ. ಒಂದೊಂದರ ಮೆಟಾಡೇಟಾದಲ್ಲೂ (ಅದರ ಬಗ್ಗೆ ಪೋರ್ಟಲ್‌ನಲ್ಲಿ ಬರೆದಿಟ್ಟ ವಿವರ) ನಾವೇ ಮಾಡಿಕೊಂಡ ಫೀಲ್ಡ್‌ಗಳು: ಯಾರ ಜವಾಬ್ದಾರಿ, ಯಾವ ವಿಭಾಗ, ಯಾವ ಸರ್ವರ್, ಯಾರಿಗೆ ಮೇಲ್ ಹೋಗಬೇಕು. ಹಳೆಯವರು ಕೆಲಸ ಬಿಟ್ಟರು ಅಂತ ಜವಾಬ್ದಾರಿ ಫೀಲ್ಡ್ ಒಂದನ್ನೇ ಬದಲಿಸಲು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದು ಪೋರ್ಟಲ್‌ನ ಎಪಿಐಗೆ (ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ದಾರಿ) ಪುಟ್ (PUT) ಅನ್ನೋ ವಿನಂತಿ ಕಳಿಸಿದೆ. ಹೆಚ್ಚಿನದಕ್ಕೆ 200, ಅಂದರೆ ಸರಿಯಾಯ್ತು ಅಂತ ಬಂತು, ಖುಷಿಯಾಗಿ ಊಟಕ್ಕೆ ಹೋದೆ. ಬಂದು ನೋಡಿದರೆ ಹೊಸ ಹೆಸರು ಇದೆ, ಬಾಕಿ ಮೂರು ಫೀಲ್ಡ್ ಖಾಲಿ! ಇನ್ನೊಂದು, ಚಿತ್ರದುರ್ಗ ಬ್ರಾಂಚಿನಿಂದ ಬಂದ ಶೀಟಿನ ಸೀರಿಯಲ್ ನಂಬರ್ ಕೊಟ್ಟು ಹುಡುಕಿದ 28ಕ್ಕೆ ಮಾತ್ರ 404, ಅಂದರೆ ಸಿಗಲಿಲ್ಲ ಅಂತ. ಸರ್ಟಿಫಿಕೇಟೇ ಹಾಳಾಯ್ತಾ?

ಕೋಟೆ_ಕಡೆಯವನು

ಗುರು, ಮೊದಲು ಸ್ಕ್ರಿಪ್ಟ್ ನಿಲ್ಲಿಸು. ಸರ್ಟಿಫಿಕೇಟ್‌ಗೆ ಏನೂ ಆಗಿಲ್ಲ. ಅದು ನೋಂದಣಿ ಆದ ಕ್ರಯಪತ್ರ ಇದ್ದ ಹಾಗೆ, ಸಹಿ ಬಿದ್ದ ಮೇಲೆ ಒಳಗಿನ ಒಂದು ಅಕ್ಷರ ಬದಲಾದರೂ ಸಹಿ ತಾಳೆ ಆಗಲ್ಲ. ನೀನು ತಿದ್ದಿದ್ದು ಅದನ್ನಿಟ್ಟ ಫೈಲಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದನ್ನು ಅಷ್ಟೇ. ಸೈಟ್‌ಗಳು ಎಂದಿನಂತೆ ನಡೀತಿರುತ್ತವೆ.

ತಪ್ಪು ಪುಟ್‌ನಲ್ಲಿದೆ. ಪುಟ್ ಅಂದರೆ ಇದ್ದದ್ದನ್ನು ತೆಗೆದು ನಾನು ಕೊಟ್ಟಿದ್ದನ್ನೇ ಇಡು ಅಂತ. ನೀನು ಒಂದೇ ಫೀಲ್ಡ್ ಕೊಟ್ಟೆ, ಅದು ಒಂದನ್ನೇ ಇಟ್ಟುಕೊಂಡಿತು, ಪಾಪ ಅದರದ್ದೇನು ತಪ್ಪು. ಪ್ಯಾಚ್ (PATCH) ವಿನಂತಿ ಇದ್ದರೆ ಅದನ್ನು ಬಳಸು, ಕಳಿಸಿದ ಫೀಲ್ಡ್ ಮಾತ್ರ ಬದಲಾಗುತ್ತದೆ. ಮರ್ಜ್ ಪ್ಯಾಚ್ (ಪ್ಯಾಚ್‌ನ ಒಂದು ಬಗೆ) ಆದರೆ ಒಂದು ಎಚ್ಚರ: ನಲ್ (null, ಏನೂ ಇಲ್ಲ) ಅಂತ ಕಳಿಸಿದರೆ ಆ ಫೀಲ್ಡೇ ಅಳಿಸಿ ಹೋಗುತ್ತದೆ, ಪೈಥಾನ್‌ನ None ಜೇಸನ್ (ಎಪಿಐಗೆ ಡೇಟಾ ಕಳಿಸುವ ರೂಪ) ಆಗುವಾಗ ನಲ್ ಆಗುತ್ತದೆ ಅನ್ನೋದು ನೆನಪಿರಲಿ. ಪ್ಯಾಚ್ ಇಲ್ಲದಿದ್ದರೆ ಮೊದಲು ಗೆಟ್ (GET, ಇದ್ದದ್ದನ್ನು ಓದುವ ವಿನಂತಿ) ಮಾಡಿ, ಬಂದದ್ದರಲ್ಲಿ ಒಂದು ಫೀಲ್ಡ್ ತಿದ್ದಿ, ಪೂರ್ತಿ ವಾಪಸ್ ಪುಟ್ ಮಾಡು. ಎಲ್ಲ ಕಡೆ ಹೀಗೇ ಅಂತಲ್ಲ, ಅಮೆಜಾನ್‌ನ ಸರ್ಟಿಫಿಕೇಟ್ ಸೇವೆ ಎಸಿಎಂನಲ್ಲಿ ಟ್ಯಾಗ್ ಸೇರಿಸಿದರೆ ಅದೇ ಹೆಸರಿನದ್ದು ಮಾತ್ರ ಬದಲಾಗುತ್ತದೆ, ಬೇರೆಯವು ಹಾಗೇ ಇರುತ್ತವೆ. ಹಳೇ ಎಕ್ಸ್‌ಪೋರ್ಟ್ (ಪೋರ್ಟಲ್‌ನಿಂದ ಇಳಿಸಿಟ್ಟ ಪ್ರತಿ) ಇದೆಯಾ?

ಹರಿಹರ_ಲೈನ್

28ರ ಕಥೆ ನನಗೆ ಗೊತ್ತು, ನಾನೂ ಅನುಭವಿಸಿದ್ದೇನೆ 😄 ಆ ಶೀಟನ್ನು ಯಾರೋ ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡಿದ್ದಾರೆ. ಸೀರಿಯಲ್ ನಂಬರ್ 20 ಬೈಟ್ ತನಕ ಇರಬಹುದು, ದಶಮಾನದಲ್ಲಿ ಬರೆದರೆ 40 ಅಂಕಿ ದಾಟುತ್ತದೆ. ಎಕ್ಸೆಲ್ ಇಟ್ಟುಕೊಳ್ಳೋದು 15 ಅಂಕಿ ಮಾತ್ರ, ಉಳಿದದ್ದೆಲ್ಲ ಸೊನ್ನೆ. ಅಂಥ ಸೀರಿಯಲ್ ಪೋರ್ಟಲ್‌ನಲ್ಲಿ ಎಲ್ಲಿಂದ ಸಿಗಬೇಕು? ಸುಮ್ನೆ ಪೋರ್ಟಲ್‌ನದೇ ಐಡಿ ಹಿಡಿದು ಹೋಗಿ.

ಪಿಬಿ_ರೋಡ್_ಹುಡುಗ

ಅಣ್ಣ, ಕಾಲಂ ಕೊನೆಗೆ ಬರೀ ಸೊನ್ನೆ, ನೀವು ಹೇಳಿದ್ದು ನಿಜ. ಎರಡು ವಾರದ ಹಿಂದಿನ ಎಕ್ಸ್‌ಪೋರ್ಟ್ ಸಿಕ್ಕಿತು, ಅದರಿಂದ ಮೂರು ಫೀಲ್ಡ್ ವಾಪಸ್ ಹಾಕಿದೆ. ಮೊದಲು 2ಕ್ಕೆ ಮಾತ್ರ ಓಡಿಸಿ, ಮತ್ತೆ ಗೆಟ್ ಮಾಡಿ ಹೋಲಿಸಿ, ಆಮೇಲೆ ಉಳಿದವು. ನಡುವೆ 429, ಅಂದರೆ ಅತಿ ಬೇಗ ಬೇಗ ಕೇಳ್ತಿದ್ದೀಯ ಅಂತ ಬರತೊಡಗಿತು, ಒಂದೊಂದು ಕರೆಗೂ ಒಂದು ಸೆಕೆಂಡ್ ಬಿಟ್ಟೆ. ಎರಡು ವಾರದೊಳಗೆ ಸೇರಿದ 5ಕ್ಕೆ ಎಕ್ಸ್‌ಪೋರ್ಟಿನಲ್ಲಿ ಏನೂ ಇರಲಿಲ್ಲ, ಫೋನ್ ಮಾಡಿ ಕೇಳಿ ತುಂಬಿದೆ.

ಕೋಟೆ_ಕಡೆಯವನು

ಒಳ್ಳೇದಾಯ್ತು. ಇನ್ನೊಂದು ನೋಡಿಕೋ: ರಿನ್ಯೂ ಆದಾಗ ಬರೋದು ಹೊಸ ಸರ್ಟಿಫಿಕೇಟ್, ಹೊಸ ಸೀರಿಯಲ್. ಕೆಲವು ಪೋರ್ಟಲ್‌ಗಳು ಹಳೇ ಮೆಟಾಡೇಟಾವನ್ನು ಅದಕ್ಕೆ ತರೋದಿಲ್ಲ. ಮೊದಲು ವರ್ಷಕ್ಕೊಮ್ಮೆ ಕೈಯಲ್ಲಿ ತುಂಬಿದರೆ ಸಾಕಿತ್ತು. 2026ರ ಮಾರ್ಚ್ 15ರಿಂದ ಕೊಡುವ ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ಗೆ ಗರಿಷ್ಠ 200 ದಿನ, 2027ರ ಮಾರ್ಚ್‌ಗೆ 100, 2029ರ ಮಾರ್ಚ್‌ಗೆ 47. ಇನ್ನು ಕೈಯಲ್ಲಿ ತುಂಬಿದ ಹಾಗೇ ಇದೆ! ರಿನ್ಯೂ ಮಾಡುವ ಸ್ಕ್ರಿಪ್ಟಿನಲ್ಲೇ ಹಳೆಯದನ್ನು ಓದಿ ಹೊಸದಕ್ಕೆ ಬರೆಯುವ ಹಂತ ಸೇರಿಸು. ಜವಾಬ್ದಾರಿ ಫೀಲ್ಡಿಗೆ ಒಬ್ಬರ ಹೆಸರು ಹಾಕಬೇಡ, ತಂಡದ ಮೇಲ್ ಐಡಿ ಹಾಕು. ನಾಳೆ ನೀನೂ ಬೆಂಗಳೂರಿಗೆ ಹೋಗಬಹುದು, ಅಲ್ವಾ?

ಪಿಬಿ_ರೋಡ್_ಹುಡುಗ

ಹೋಗಲ್ಲ ಅಣ್ಣ 😀 ಆದರೂ ತಂಡದ ಐಡಿಗೇ ಬದಲಿಸುತ್ತೇನೆ. ಈ ಸಲ ಪ್ಯಾಚ್‌ನಲ್ಲಿ.