ಜೀನ್ಸ್ ಒಳತೊಡೆಯಲ್ಲಿ ಜಾಳಾಗಿದೆ: ತೇಪೆ ಹಾಕುವುದೋ, ಹೊಸದು ಕೊಳ್ಳುವುದೋ?

ಹತ್ತಿಬೀಜ (ಪ್ರಶ್ನೆ):
ಎರಡು ಜೀನ್ಸ್‌ಗಳ ಒಳತೊಡೆ ಜಾಳಾಗಿ, ನೀಲಿ ಹೋಗಿ ಬಿಳಿ ಎಳೆ ಮಾತ್ರ ಕಾಣ್ತಿದೆ. ತೂತು ಇನ್ನೂ ಬಿದ್ದಿಲ್ಲ. ಒಂದು ಪೂರ್ತಿ ಹತ್ತಿ, ಇನ್ನೊಂದರಲ್ಲಿ 2% ಎಲಾಸ್ಟೇನ್ (ಹಿಗ್ಗುವ ಎಳೆ). ಹೊಲಿಗೆ ಯಂತ್ರ ಇದೆ. ತೇಪೆ ನಿಲ್ಲುತ್ತಾ? ಅಥವಾ ಇವನ್ನು ಬಿಟ್ಟು ರೀಸೈಕಲ್ ಮಾಡಿದ ಬಟ್ಟೆಯದು ತಗೊಳ್ಳೋದೇ ಪರಿಸರಕ್ಕೆ ಮೇಲಾ? ಇನ್ನೊಂದು, ಟೀ ಶರ್ಟುಗಳಲ್ಲಿ ಹೊಕ್ಕುಳ ಹತ್ತಿರ ಸಾಸಿವೆ ಕಾಳಿನಷ್ಟು ತೂತು ಬೀಳುತ್ತವೆ. ಹುಳುವಿನ ಕೆಲಸವಾ?

ಉದ್ದೆಳೆ:
ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಡೆನಿಮ್‌ನಲ್ಲಿ ಹಾಸಿನ (ಉದ್ದಕ್ಕೆ ಓಡುವ) ಎಳೆ ನೀಲಿ, ಹೊಕ್ಕಿನ (ಅಡ್ಡಕ್ಕೆ ಓಡುವ) ಎಳೆ ಬಿಳಿ. ಹೊರಮೈಯಲ್ಲಿ ಹೆಚ್ಚಾಗಿ ಇರುವುದು ಹಾಸು, ಹಾಗಾಗಿ ಉಜ್ಜಿ ಮೊದಲು ಹೋಗುವುದೂ ಅದೇ. ಬಿಳಿ ಎಳೆಗಳು ಇನ್ನೂ ಇವೆ ಅಂದರೆ ಹೊಲಿಗೆಗೆ ಹಿಡಿತ ಸಿಗುತ್ತದೆ. ಚೆನ್ನಾಗಿ ಕಾಣಲಿ ಅಂತ ಅವನ್ನು ಕತ್ತರಿಸಬೇಡಿ.

ತೇಪೆ ಒಳಗಡೆಯಿಂದ. ತೆಳು ಡೆನಿಮ್ ಅಥವಾ ಗಟ್ಟಿ ಹತ್ತಿ ಬಟ್ಟೆ ಸಾಕು, ಆದರೆ ಒಮ್ಮೆ ಒಗೆದಿರಬೇಕು. ಇಲ್ಲದಿದ್ದರೆ ತೇಪೆ ಆಮೇಲೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಸುಕ್ಕು ಎಳೆಯುತ್ತದೆ. ಜಾಳಾದ ಜಾಗಕ್ಕಿಂತ ಎಲ್ಲ ಕಡೆ 2–3 ಸೆಂ.ಮೀ. ದೊಡ್ಡದಿರಲಿ, ಮೂಲೆ ದುಂಡಗಿರಲಿ. ಅಂಚು ಮಡಚಬೇಡಿ, ಆ ದಪ್ಪವೇ ಚರ್ಮಕ್ಕೆ ಉಜ್ಜುತ್ತದೆ. ಕಚ್ಚಾ ಹೊಲಿಗೆ ಹಾಕಿಕೊಂಡು, 90 ಅಥವಾ 100 ನಂಬರಿನ ಜೀನ್ಸ್ ಸೂಜಿ, ಪಾಲಿಯೆಸ್ಟರ್ ದಾರ, 2.5 ಮಿ.ಮೀ. ಹೊಲಿಗೆಯಲ್ಲಿ ನೀಲಿ ಎಳೆಯ ದಿಕ್ಕಿಗೇ ಹಿಂದೆ ಮುಂದೆ ಓಡಿಸಿ. ಸಾಲುಗಳ ನಡುವೆ 3–4 ಮಿ.ಮೀ., ತೀರಾ ಜಾಳಾದಲ್ಲಿ ಇನ್ನೂ ಒತ್ತಾಗಿ.

ಹೆಚ್ಚಿನ ತೇಪೆಗಳು ಕೆಡುವುದು ಹೊಲಿಗೆ ಸಾಲುಗಳ ಕೊನೆಯಲ್ಲಿ: ಎಲ್ಲ ಸಾಲುಗಳೂ ಒಂದೇ ಗೆರೆಯಲ್ಲಿ ನಿಂತರೆ ಅಲ್ಲಿ ಸೂಜಿತೂತುಗಳ ಸಾಲಾಗಿ, ಸ್ಟಾಂಪ್ ಹಾಳೆ ಹರಿದಂತೆ ಹರಿಯುತ್ತದೆ. ಒಂದು ಸಾಲು ಉದ್ದ, ಒಂದು ಗಿಡ್ಡ ಮಾಡಿ ನಿಲ್ಲಿಸಿ. ನಾಲ್ಕು ಹೊಲಿಗೆ ಕೂಡುವ ಕವಲಿನ ಮೇಲೆ ಒಂದೇ ದೊಡ್ಡ ತೇಪೆ ಹಾಯಿಸಬೇಡಿ, ಎರಡೂ ಬದಿಗೆ ಬೇರೆ ಬೇರೆ ಹಾಕಿ. ದಪ್ಪದ ಹತ್ತಿರ ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬಟ್ಟೆಯನ್ನು ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ.

ಎಲಾಸ್ಟೇನ್ ಇರುವುದಕ್ಕೆ ಹಿಗ್ಗುವ ತೇಪೆಯೇ ಬೇಕು, ಜಿಗ್‌ಜ್ಯಾಗ್ ಹೊಲಿಗೆ ಬೇಕು. ಅದರ ಮಂಡಿ ಜೋತುಬಿದ್ದಿದ್ದರೆ ಮಾತ್ರ ಯಾವ ರಿಪೇರಿಯೂ ಇಲ್ಲ; ಒಳಗಿನ ರಬ್ಬರಿನಂಥ ಎಳೆಯೇ ತುಂಡಾಗಿರುತ್ತದೆ.

ಹೊಕ್ಕುದಾರ:
ಪರಿಸರದ ಪ್ರಶ್ನೆಗೆ: ಬಟ್ಟೆಯ ಹೊರೆಯ ದೊಡ್ಡ ಪಾಲು ನಾರು ಬೆಳೆಯುವುದು, ನೂಲುವುದು, ಬಣ್ಣ ಹಾಕುವುದರಲ್ಲೇ ಮುಗಿದಿರುತ್ತದೆ. ಒಂದು ಉಡುಪನ್ನು ಇನ್ನೂ 9 ತಿಂಗಳು ಬಳಸಿದರೆ ಅದರ ಇಂಗಾಲ, ನೀರು, ತ್ಯಾಜ್ಯದ ಹೊರೆ ತಲಾ 20–30% ಇಳಿಯುತ್ತದೆ ಎಂದು ತ್ಯಾಜ್ಯ ತಗ್ಗಿಸಲು ದುಡಿಯುವ ಬ್ರಿಟನ್ನಿನ ರ‍್ಯಾಪ್ ಸಂಸ್ಥೆ 2012ರಲ್ಲಿ ಲೆಕ್ಕ ಹಾಕಿತ್ತು. ತೇಪೆಯನ್ನೂ ಹಾಕಿ ಹೊಸದನ್ನೂ ಕೊಂಡರೆ ಈ ಲೆಕ್ಕ ನಡೆಯದು.

‘ರೀಸೈಕಲ್ಡ್ ಪಾಲಿಯೆಸ್ಟರ್’ ಚೀಟಿ ನೋಡಿ ಮರುಳಾಗಬೇಡಿ. ಅದು ಬಹುಪಾಲು ಹಳೇ ಬಾಟಲಿಯಿಂದ ಬಂದದ್ದು, ಹಳೇ ಬಟ್ಟೆಯಿಂದಲ್ಲ. ಒಗೆದಾಗ ಸಣ್ಣ ಪ್ಲಾಸ್ಟಿಕ್ ನಾರು ಅದೂ ಉದುರಿಸುತ್ತದೆ. ಉಡುಪಿಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಉಡುಪಾಗುವುದು 1%ಗಿಂತ ಕಡಿಮೆ ಎನ್ನುತ್ತದೆ ವಸ್ತುಗಳ ಮರುಬಳಕೆಗಾಗಿ ದುಡಿಯುವ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ನಿನ 2017ರ ವರದಿ.

ಕಾಜಾಗುಂಡಿ:
ಟೀ ಶರ್ಟ್ ತೂತು ಹುಳುವಿನದಲ್ಲ. ಬಟ್ಟೆಹುಳುವಿಗೆ ಬೇಕಾದದ್ದು ಉಣ್ಣೆ, ರೇಷ್ಮೆ. ಪ್ಯಾಂಟಿನ ಲೋಹದ ಗುಂಡಿಗೂ ಅಡುಗೆಕಟ್ಟೆಯ ಅಂಚಿಗೂ ನಡುವೆ ತೆಳು ಬಟ್ಟೆ ಸಿಕ್ಕಿ ಅರೆಯುತ್ತದೆ. ತೂತು ಗುಂಡಿಯ ಎತ್ತರಕ್ಕೇ ಇದೆಯಾ ನೋಡಿ. ಮುಚ್ಚದ ಜಿಪ್ ಜೊತೆ ಮೆಷಿನ್ನಿಗೆ ಹಾಕಿದರೂ ಹೀಗಾಗುತ್ತದೆ, ಆದರೆ ಆಗ ತೂತು ಎಲ್ಲೆಂದರಲ್ಲಿ ಇರುತ್ತವೆ.

ಹೆಣೆದ ಬಟ್ಟೆಯಾದ್ದರಿಂದ ಒಂದು ಕುಣಿಕೆ ಬಿಚ್ಚಿದರೆ ಪಕ್ಕದ್ದೂ ಜಾರುತ್ತದೆ. ಅದೇ ಬಣ್ಣದ ಒಂಟಿ ಎಳೆಯಲ್ಲಿ, ಒಳಗಡೆಯಿಂದ, ತೂತಿನ ಸುತ್ತಲಿನ ಕುಣಿಕೆಗಳನ್ನೆಲ್ಲ ಹಿಡಿದು ಮೆಲ್ಲಗೆ ಮುಚ್ಚಿ. ಬಿಗಿಯಾಗಿ ಎಳೆದರೆ ಗಂಟಿನಂತೆ ಎದ್ದು ಕಾಣುತ್ತದೆ. ತುದಿ ದುಂಡಗಿರುವ ಸೂಜಿ ಒಳ್ಳೆಯದು, ಚೂಪು ಸೂಜಿ ಕುಣಿಕೆಯನ್ನೇ ಕತ್ತರಿಸೀತು.

ಒಗೆಯುವಾಗ ಒಳಮೈ ಹೊರಗೆ, ಜಿಪ್ ಹಾಕಿ, 30 ಡಿಗ್ರಿ, ಕ್ಲೋರಿನ್ ಬ್ಲೀಚ್ ಬೇಡ. ಜೀನ್ಸ್ ಜೊತೆ ಟೀ ಶರ್ಟ್ ಹಾಕಬೇಡಿ. ಡ್ರೈಯರ್‌ನ ಜಾಲರಿಯಲ್ಲಿ ಸೇರುವ ಜುಂಗೆಲ್ಲ ನಿಮ್ಮ ಬಟ್ಟೆಯೇ, ಆದಷ್ಟು ನೆರಳಲ್ಲಿ ಹರವಿ.

ಹತ್ತಿಬೀಜ:
ಗುಂಡಿಯ ಎತ್ತರಕ್ಕೇ ಇವೆ! ಇಸ್ತ್ರಿ ಹಾಕಿ ಅಂಟಿಸುವ ತೇಪೆ ಸಿಗುತ್ತಲ್ಲ, ಹೊಲಿಯದೆ ಅದಷ್ಟೇ ಸಾಕಾಗಲ್ವಾ?

ಉದ್ದೆಳೆ:
ಒಳತೊಡೆಗೆ ಸಾಲದು. ನಡೆದಾಗಿನ ತಿಕ್ಕಾಟಕ್ಕೂ ಬೆವರಿಗೂ ಅಂಚು ಎದ್ದು ಸುರುಳುತ್ತದೆ. ಕಚ್ಚಾ ಹೊಲಿಗೆಯ ಬದಲು ಹಿಡಿದಿಡಲು ಬೇಕಾದರೆ ಬಳಸಿ, ಮೇಲೆ ಹೊಲಿಗೆ ಹಾಕಲೇಬೇಕು. ಎಲಾಸ್ಟೇನ್ ಜೀನ್ಸ್‌ಗೆ ಅದೂ ಬೇಡ, ಇಸ್ತ್ರಿಯ ಕಾವಿಗೆ ಹಿಗ್ಗುವ ಗುಣ ಸೊರಗುತ್ತದೆ.