ಪದಚರ್ಚೆ: ‘ಜಲವಿಕರ್ಷಕ’, ‘ಹಿಮನಿರೋಧಕ’ – ಒಂದರ ಬದಲು ಇನ್ನೊಂದು ಸಲ್ಲುವುದೇ?

ಮಾನ್ಯರೇ,

ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗು, ವಿದ್ಯುತ್ ತಂತಿ ಮುಂತಾದವುಗಳ ಮೇಲೆ ಮಂಜುಗಡ್ಡೆ ನಿಲ್ಲದಂತೆ ಬಳಿಯುವ ಲೇಪಗಳನ್ನು ಕುರಿತು ಬರೆಯುವಾಗ ‘ಜಲನಿರೋಧಕ’, ‘ಜಲವಿಕರ್ಷಕ’, ‘ಹಿಮನಿರೋಧಕ’ ಎಂಬ ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುವುದುಂಟು. ಇವು ಹೇಳುವ ಗುಣಗಳು ಬೇರೆಬೇರೆಯಾಗಿದ್ದು, ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವೂ ಆಗಿರುವುದರಿಂದ ಈ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

‘ಜಲನಿರೋಧಕ’ದ ವಿಷಯದಲ್ಲಿ ಗೊಂದಲವಿಲ್ಲ. ಅದು ನೀರು ಒಳಗಿಳಿಯದಂತೆ ತಡೆಯುತ್ತದೆ. ನೀರು ಮೇಲೆಯೇ ಪದರವಾಗಿ ನಿಂತರೂ ಅದರ ಹೆಸರಿಗೆ ಕುಂದಿಲ್ಲ. ‘ಜಲವಿಕರ್ಷಕ’ವೆಂದು ಕನ್ನಡಿಸುವ ಹೈಡ್ರೋಫೋಬಿಕ್ ಎನ್ನುವುದು ನೀರು ಹರಡಿಕೊಳ್ಳದೆ ಹನಿಯಾಗಿ ನಿಲ್ಲುವ ಗುಣ. ಹನಿಯ ಅಂಚು ಮೇಲ್ಮೈಯೊಡನೆ ಹನಿಯ ಒಳಬದಿಗೆ ಮಾಡುವ ಕೋನ 90 ಡಿಗ್ರಿಗಿಂತ ಹೆಚ್ಚಿದ್ದರೆ ಈ ಹೆಸರು ಸಲ್ಲುತ್ತದೆ. ಕೋನ 150 ಡಿಗ್ರಿಯನ್ನು ದಾಟಿ, ಮೇಲ್ಮೈಯನ್ನು ತುಸು ವಾಲಿಸಿದರೂ ಹನಿ ಉರುಳಿಹೋಗುವಂತಿದ್ದರೆ ಸೂಪರ್‌ಹೈಡ್ರೋಫೋಬಿಕ್ ಎನ್ನುತ್ತಾರೆ. ತಾವರೆಯೆಲೆಯ ಮೇಲಿನ ಸೂಕ್ಷ್ಮ ಉಬ್ಬುಗಳೂ ಅವುಗಳ ಮೇಲಿನ ಮೇಣದ ಹರಳುಗಳೂ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಹನಿಯನ್ನು ಎತ್ತಿಹಿಡಿಯುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಹಾಗೆ ನೋಡಿದರೆ ಇಲ್ಲಿ ಅಯಸ್ಕಾಂತದ ಸಜಾತಿ ಧ್ರುವಗಳಲ್ಲಿರುವಂತಹ ವಿಕರ್ಷಣೆ ಯಾವುದೂ ಇಲ್ಲ. ಮೇಲ್ಮೈ ನೀರನ್ನು ಎಳೆಯುವುದಕ್ಕಿಂತ ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಳ್ಳುತ್ತವೆ, ಅಷ್ಟೇ. ಆದರೂ ‘ಜಲವಿಕರ್ಷಕ’ವನ್ನು ಕೈಬಿಡಬೇಕೆಂದು ನನಗನ್ನಿಸುವುದಿಲ್ಲ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ನೀರನ್ನು ಉರುಳಿಸುವ ಲೇಪವು ಮಂಜುಗಡ್ಡೆಯನ್ನೂ ತಡೆದೇ ತಡೆಯುತ್ತದೆ ಎಂದು ಓದುಗರು ಭಾವಿಸುವುದು ಸಹಜ. ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದೂ ದ್ರವವಾಗಿಯೇ ಉಳಿದ ಮೋಡದ ಹನಿಗಳು ಬಂದು ಬಡಿದಾಗ, ಅವು ಹೆಪ್ಪುಗಟ್ಟುವ ಮೊದಲೇ ಪುಟಿದು ಹೋಗುವುದಾದರೆ ಆ ಭಾವನೆ ನಿಜವೂ ಹೌದು. ಆದರೆ ತೇವ ಹೆಚ್ಚಿರುವ ಗಾಳಿಯಲ್ಲಿ ಆವಿಯು ಆ ಸೂಕ್ಷ್ಮ ಉಬ್ಬುಗಳ ಸಂದುಗಳಲ್ಲಿಯೇ ಹೆಪ್ಪುಗಟ್ಟಿ, ಗಾಳಿಯಿದ್ದ ಜಾಗವನ್ನು ತಾನು ತುಂಬಿಕೊಳ್ಳುತ್ತದೆ. ಆಗ ಗಡ್ಡೆಯು ಒರಟು ಮೇಲ್ಮೈಯೊಳಗೆ ಬೇರೂರಿದಂತಾಗಿ ನುಣುಪಾದ ಲೋಹದ ಮೇಲಿದ್ದುದಕ್ಕಿಂತಲೂ ಗಟ್ಟಿಯಾಗಿ ಹಿಡಿದುಕೊಳ್ಳಬಹುದು. ಕೆರೆದು ತೆಗೆಯುವಾಗ ಉಬ್ಬುಗಳ ತುದಿ ಮುರಿದು ಲೇಪವೂ ಕೆಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನುಣುಪಾದ ಮೆತ್ತನೆಯ ಸಿಲಿಕೋನ್ ಲೇಪದ ಮೇಲೆ ಹನಿಯ ಕೋನ 150ರ ಹತ್ತಿರಕ್ಕೂ ಬರುವುದಿಲ್ಲ, ಗಡ್ಡೆ ಮಾತ್ರ ಸುಲಭವಾಗಿ ಕಳಚಿಕೊಳ್ಳುತ್ತದೆ. ಗಡ್ಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳದ ಗುಣವನ್ನು ಹೇಳುವ ಐಸ್‌ಫೋಬಿಕ್ ಎಂಬ ಹೆಸರಿಗೆ ಸಾಮಾನ್ಯವಾಗಿ ಬಳಸುವ ಅಳತೆಗೋಲು ಹನಿಯ ಕೋನವಲ್ಲ, ಗಡ್ಡೆಯ ಹಿಡಿತ 100 ಕಿಲೋಪಾಸ್ಕಲ್‌ಗಿಂತ ಕಡಿಮೆ ಇರಬೇಕೆಂಬುದು. ಹಾರ್ವರ್ಡ್ ವಿಶ್ವವಿದ್ಯಾಲಯದವರು 2011ರಲ್ಲಿ ಕೀಟಗಳನ್ನು ಜಾರಿಸಿ ಹಿಡಿಯುವ ಹೂಜಿಗಿಡದ ಜಾರುವ ಅಂಚನ್ನು ಮಾದರಿಯಾಗಿಟ್ಟುಕೊಂಡು ಪ್ರಕಟಿಸಿದ ಮೇಲ್ಮೈಯಲ್ಲಂತೂ ಸಂದುಗಳಲ್ಲಿ ಗಾಳಿಯ ಬದಲು ನೀರಿನೊಡನೆ ಬೆರೆಯದ ಜಾರುದ್ರವವನ್ನೇ ತುಂಬಿಸಲಾಗಿದೆ.

ಇನ್ನು ಇಂಥ ಲೇಪಗಳಿಗೆ ಬಳಸುವ ‘ಹಿಮನಿರೋಧಕ’ ಎಂಬ ಪದ. ‘ಹಿಮ’ ಎಂದರೆ ಆಕಾಶದಿಂದ ಬೀಳುವ ಹಿಮವೇ ಮೊದಲು ನೆನಪಾಗುತ್ತದೆ, ಇಲ್ಲಿ ಹೇಳಬೇಕಾದುದು ಗಡ್ಡೆಯನ್ನು. ‘ಮಂಜುನಿರೋಧಕ’ ಎಂದರೆ ಇನ್ನೂ ಕಷ್ಟ: ಕನ್ನಡಕದ ಗಾಜು ಮಸುಕಾಗದಂತೆ ಹಚ್ಚುವ ಲೇಪವೆಂದು ಓದಿಕೊಳ್ಳಬಹುದು, ಮತ್ತು ಆ ಲೇಪ ಸಾಮಾನ್ಯವಾಗಿ ನೀರನ್ನು ತೆಳುವಾಗಿ ಹರಡಿಸುವಂಥದ್ದು, ಅಂದರೆ ಜಲವಿಕರ್ಷಕಕ್ಕೆ ತೀರ ವಿರುದ್ಧವಾದದ್ದು. ಇದಲ್ಲದೆ ‘ನಿರೋಧ’ವು ಗಡ್ಡೆ ಮೂಡುವುದನ್ನು ತಡಮಾಡುವುದನ್ನೂ ಮೂಡಿದ ಗಡ್ಡೆಯ ಹಿಡಿತವನ್ನು ಸಡಿಲಿಸುವುದನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ವಿಮಾನಗಳಿಗೆ ಸಿಂಪಡಿಸುವ ಗ್ಲೈಕಾಲ್ ದ್ರವಗಳಲ್ಲಿ, ಅವು ಲೇಪಗಳಲ್ಲದಿದ್ದರೂ, ಈ ಭೇದ ಸ್ಪಷ್ಟವಾಗಿದೆ: ಕಟ್ಟಿದ್ದನ್ನು ಕರಗಿಸಿ ತೆಗೆಯುವುದು ಡೀ-ಐಸಿಂಗ್, ಸ್ವಲ್ಪ ಹೊತ್ತಿನವರೆಗೆ ಕಟ್ಟದಂತೆ ನೋಡಿಕೊಳ್ಳುವುದು ಆಂಟಿ-ಐಸಿಂಗ್.

ನನಗೆ ತೋಚುವಂತೆ ‘ಕಟ್ಟು’ ಮತ್ತು ‘ಕಚ್ಚು’ ಎಂಬ ಎರಡು ಕ್ರಿಯಾಪದಗಳು ಈ ಭೇದವನ್ನು ಚೆನ್ನಾಗಿ ಹಿಡಿಯುತ್ತವೆ. ಗಡ್ಡೆ ಮೂಡುವುದನ್ನು ತಡೆಯುವುದು ‘ಗಡ್ಡೆ ಕಟ್ಟಿಸದ ಲೇಪ’. ಮೂಡಿದ್ದು ಅಂಟಿ ನಿಲ್ಲದಂತೆ ಮಾಡುವುದು ‘ಗಡ್ಡೆ ಕಚ್ಚದ ಲೇಪ’. ಪಠ್ಯಪುಸ್ತಕದ ಪರಿಭಾಷೆಯಾಗಿ ಇವು ಸಲ್ಲುವುವೇ, ‘ಕಚ್ಚು’ ಎಂಬುದು ಅಲ್ಲಿ ತೀರ ಆಡುಮಾತಾಗಿ ಕೇಳಿಸುವುದೇ, ಈ ಎರಡನೆಯ ಅರ್ಥಕ್ಕೆ ಬೇರೆ ಪದವೇನಾದರೂ ಈಗಾಗಲೇ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.